ಎರಡು ಒತ್ತಿದ್ರೂ ಆ ಕಡೆಗೆ ಕೇಳಿಸ್ತಿಲ್ವಾ?

[ಲ್ಯಾಪ್‌ಟಾಪ್ ಪರದೆ. ಸಾಫ್ಟ್‌ಫೋನಿನಲ್ಲಿ ಕರೆ. "ಕನ್ನಡಕ್ಕಾಗಿ ಎರಡನ್ನು ಒತ್ತಿ." ಕ್ಲಿಕ್. ಮೌನ. "ಕನ್ನಡಕ್ಕಾಗಿ ಎರಡನ್ನು ಒತ್ತಿ."]

ಒತ್ತಿದೆ ತಾಯೀ, ಮೂರು ಸಲ ಒತ್ತಿದೆ! ಮೊಬೈಲಿಂದ ಮಾಡಿದ್ರೆ ಇದೇ ಮೆನು ಒಂದೇ ಸಲಕ್ಕೆ ಕೇಳಿಸ್ಕೊಳ್ಳುತ್ತೆ. ಲ್ಯಾಪ್‌ಟಾಪಿನ ಸಾಫ್ಟ್‌ಫೋನಿಂದ, ಅಂದ್ರೆ ಇಂಟರ್ನೆಟ್ ಮೂಲಕ ಕರೆ ಮಾಡೋ ಆ್ಯಪ್‌ನಿಂದ, ಮಾಡಿದ್ರೆ ಕಿವುಡು.

ಮೊದಲು ಸಣ್ಣ ಎಡವಟ್ಟೊಂದನ್ನ ನೋಡ್ಬಿಡಿ. ಕರೆ ನಡೀತಿರುವಾಗ ಆ್ಯಪ್‌ನ ಡಯಲ್‌ಪ್ಯಾಡ್ ತೆರೆದು ಅದರಲ್ಲೇ ಒತ್ತಿ. ಕೀಬೋರ್ಡಲ್ಲಿ ಹೊಡೆದ ಅಂಕಿ ಕೆಲವು ಆ್ಯಪ್‌ಗಳಲ್ಲಿ ಹೊಸ ನಂಬರ್ ಬರೆಯೋ ಜಾಗದಲ್ಲಿ ಹೋಗಿ ಕೂತಿರುತ್ತೆ.

ಅದೂ ಸರಿಯಿದ್ರೆ, ಒಳಗೆ ಇಣುಕಬೇಕು.

[ಗ್ರಾಫಿಕ್: ಕೀಪ್ಯಾಡ್. ಮೊದಲ ಅಡ್ಡಸಾಲು, ನಡುವಿನ ಕಂಬಸಾಲು ಬೆಳಗುತ್ತವೆ]

ಫೋನ್ ಮೆನುಗೆ ಅಂಕಿ ಅನ್ನೋದು ಒಂದು ಸದ್ದು. ಅಮೆರಿಕದ ಬೆಲ್ ಸಿಸ್ಟಮ್ 1963ರಲ್ಲಿ ಗುಂಡಿ ಒತ್ತೋ ಫೋನನ್ನ ಜನರ ಕೈಗೆ ಕೊಟ್ಟಾಗಿನಿಂದ ಬಂದ ಲೆಕ್ಕ. ಪ್ರತಿ ಅಡ್ಡಸಾಲಿಗೆ ಒಂದು ಸ್ವರ, ಪ್ರತಿ ಕಂಬಸಾಲಿಗೆ ಇನ್ನೊಂದು. ಎರಡು ಒತ್ತಿದ್ರೆ 697 ಮತ್ತು 1336 ಹರ್ಟ್ಸ್ ಒಟ್ಟಿಗೆ ಹೊರಡುತ್ತೆ. ಇದೇ ಡಿಟಿಎಂಎಫ್. ಜೋಡಿ ಯಾಕೆ? ಒಂಟಿ ಸ್ವರ ಯಾರೋ ಸಿಳ್ಳೆ ಹಾಕಿದ್ರೂ ಬಂದ್ಬಿಡುತ್ತೆ. ಈ ಜೋಡಿ ಅಷ್ಟು ಸುಲಭಕ್ಕೆ ಬರಲ್ಲ.

ಸಾಫ್ಟ್‌ಫೋನ್ ನಿಮ್ಮ ದನಿಯನ್ನ ಹಿಂಡಿ, ಸಣ್ಣದು ಮಾಡಿ ಇಂಟರ್ನೆಟ್‌ಗೆ ಬಿಡುತ್ತೆ. ಹೀಗೆ ಹಿಂಡೋ ವಿಧಾನಕ್ಕೆ ಕೋಡೆಕ್ ಅಂತಾರೆ. ಜಿ.729ರಂಥ ಕೋಡೆಕ್ ಮಾಡಿರೋದೇ ಮನುಷ್ಯರ ಮಾತಿಗಾಗಿ. ಅದರೊಳಗೆ ಹೋದ ಜೋಡಿಸ್ವರ ಆಚೆ ಬರೋಷ್ಟರಲ್ಲಿ ಗುರುತು ಸಿಗದಷ್ಟು ಕೆಟ್ಟಿರಬಹುದು. ಅದಕ್ಕೇ ಇನ್ನೊಂದು ದಾರಿ ಮಾಡಿದ್ರು: ಸ್ವರ ಕಳಿಸೋ ಬದಲು "ಇವರು ಎರಡು ಒತ್ತಿದ್ರು" ಅಂತ ಚೀಟಿ ಬರೆದು, ದನಿಯ ಪ್ಯಾಕೆಟ್‌ಗಳ ಜೊತೆಗೇ ಕಳಿಸೋದು. ಇದರ ನಿಯಮ ಬರೆದಿರೋ ಇಂಟರ್ನೆಟ್ ದಾಖಲೆಯ ಹೆಸರು ಆರ್‌ಎಫ್‌ಸಿ 2833. ಅದರ ಜಾಗಕ್ಕೆ 2006ರಲ್ಲೇ 4733 ಬಂದಿದೆ, ಆದ್ರೂ ಸೆಟ್ಟಿಂಗ್ಸಲ್ಲಿ ಹೆಚ್ಚಾಗಿ ಕಾಣೋದು ಹಳೇ ನಂಬರೇ.

[ಪರದೆ: ಸೆಟ್ಟಿಂಗ್ಸ್]

ನಿಮ್ಮ ಸಾಫ್ಟ್‌ಫೋನ್ ಆ್ಯಪ್ ಜೊಯಿಪರ್ ಆದ್ರೆ "ಡಿಟಿಎಂಎಫ್ ಸ್ಟೈಲ್", ಮೈಕ್ರೋಸಿಪ್ ಆದ್ರೆ "ಡಿಟಿಎಂಎಫ್ ಮೆಥಡ್" ಹುಡುಕಿ. ಅಲ್ಲಿ "ಇನ್‌ಬ್ಯಾಂಡ್" (ಸ್ವರವನ್ನೇ ದನಿಯೊಳಗೆ ಕಳಿಸೋದು) ಅಂತಿದ್ರೆ 2833 ಮಾಡಿ. ಆಗಲೂ ಕೆಲಸ ಮಾಡ್ಲಿಲ್ಲ ಅಂದ್ರೆ "ಸಿಪ್ ಇನ್ಫೋ" ಮಾಡಿ: ಅದರಲ್ಲಿ ಚೀಟಿ ದನಿಯ ಜೊತೆ ಹೋಗದೆ, ಕರೆಯನ್ನ ನಡೆಸೋ ಸಂದೇಶಗಳ ದಾರೀಲಿ ಹೋಗುತ್ತೆ. ನಿಮ್ಮ ಸರ್ವರ್ ಯಾವುದನ್ನ ಒಪ್ಪುತ್ತೋ ಅದೇ ಸರಿ. ಆಫೀಸಿನ ಲೈನ್ ಆದ್ರೆ ಐಟಿಯವರನ್ನ ಒಂದು ಮಾತು ಕೇಳಿ, ಅರ್ಧ ದಿನ ಉಳಿಯುತ್ತೆ.

ಒತ್ತಿದಾಗ ಬೀಪ್ ಕೇಳಿಸ್ತಲ್ಲ ಅಂತೀರಾ? ಅದನ್ನ ನಂಬಬೇಡಿ. ಅದು ನಿಮ್ಮ ಸಮಾಧಾನಕ್ಕೆ ಆ್ಯಪ್ ಮಾಡೋ ಸದ್ದು, ಆಚೆ ಹೋಗಿರಲೇಬೇಕು ಅಂತೇನಿಲ್ಲ.

ಇದರ ಉಲ್ಟಾ ಕಾಯಿಲೆಯೂ ಇದೆ. ಸ್ವರವೂ ಚೀಟಿಯೂ ಎರಡೂ ಹೋದ್ರೆ ಒಂದು ಸಲ ಒತ್ತಿದ 4 ಆ ಕಡೆ 44 ಆಗಿಬಿಡುತ್ತೆ. ನನ್ನ ಸ್ವಂತ ಖಾತೆ ನಂಬರ್ ಹೀಗೇ ಮೂರು ಸಲ "ತಪ್ಪಾಗಿದೆ" ಅನ್ನಿಸ್ಕೊಂಡಿತ್ತು. ಸೆಟ್ಟಿಂಗ್ ಬದಲಾಯಿಸೋವರೆಗೂ ನಾನು ನನ್ನ ಕನ್ನಡಕವನ್ನೇ ಬೈದಿದ್ದೆ.

ಸರಿ, ಈಗ ನೋಡೋಣ.

[ಮತ್ತೆ ಕರೆ. "ಕನ್ನಡಕ್ಕಾಗಿ ಎರಡನ್ನು ಒತ್ತಿ." ಕ್ಲಿಕ್. "ನಮ್ಮ ಎಲ್ಲಾ ಸಿಬ್ಬಂದಿ ಬೇರೆ ಕರೆಗಳಲ್ಲಿ ನಿರತರಾಗಿದ್ದಾರೆ." ಹೋಲ್ಡ್ ಸಂಗೀತ]

ಇದಕ್ಕೆ ಮಾತ್ರ ಯಾವ ಆ್ಯಪ್‌ನಲ್ಲೂ ಸೆಟ್ಟಿಂಗ್ ಇಲ್ಲ.