ಒಂದೇ ರಥ, ಎರಡು ಉತ್ತರ: ಉಪನಿಷತ್ತೂ ಬುದ್ಧನೂ ಎಲ್ಲಿ ಬೇರೆಯಾಗ್ತಾರೆ?

[ದೃಶ್ಯ: ಎರ್ರಗುಡಿಯ ಬಂಡೆ, ಅಕ್ಷರಗಳ ಹತ್ತಿರದ ನೋಟ]

ಆದೋನಿ, ಆಲೂರು, ಗುಂತಕಲ್ಲಿನ ಕಡೆಯವರಿಗೆ ಇದು ದೂರದ ಜಾಗ ಅಲ್ಲ. ಗುತ್ತಿಯಿಂದ ಪತ್ತಿಕೊಂಡದ ದಾರಿ ಹಿಡಿದರೆ ಎರ್ರಗುಡಿ. ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನಗಳು ಇಲ್ಲಿವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸಣ್ಣ ಶಾಸನದ ಕೆಲವು ಸಾಲುಗಳನ್ನ ಹೊಲ ಉತ್ತ ಹಾಗೆ ಕೊರೆದಿದ್ದಾರೆ: ಒಂದು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ.

ಓದುವವರು ಎಡವೋದು ಮಾತ್ರ ‘ಧಮ್ಮ’ ಅನ್ನೋ ಪದದ ಹತ್ತಿರ. ಕಂಡ ಕೂಡಲೇ ‘ಬೌದ್ಧ ಧರ್ಮ’ ಅಂದುಬಿಡ್ತಾರೆ. ಸಾಲುಗಳಲ್ಲಿ ಇರೋದೇನು? ತಾಯಿ ತಂದೆಯ ಮಾತು ಕೇಳಿ, ಗುರುವಿಗೆ ಮರ್ಯಾದೆ ಕೊಡಿ, ಸತ್ಯ ಹೇಳಿ, ಜೀವಿಗಳ ಮೇಲೆ ದಯೆ ಇರಲಿ. ಬುದ್ಧನ ಮೂಲ ಬೋಧನೆಯಾದ ನಾಲ್ಕು ಆರ್ಯಸತ್ಯಗಳ ಸುದ್ದಿಯೇ ಇಲ್ಲ, ನಿರ್ವಾಣದ ಹೆಸರೂ ಇಲ್ಲ. ಮೊದಲನೇ ದೊಡ್ಡ ಶಾಸನ ಪ್ರಾಣಿಬಲಿ ಬೇಡ ಅನ್ನುತ್ತೆ. ಅದರಲ್ಲೇ ಅರಮನೆ ಅಡುಗೆಮನೆಯ ಲೆಕ್ಕವೂ ಇದೆ: ಈಗ ದಿನಕ್ಕೆ ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ದಿನಾ ಅಲ್ಲ. ರಾಜನ ಪ್ರಾಮಾಣಿಕತೆ ಮೆಚ್ಚಬೇಕು!

[ದೃಶ್ಯ: ಮೂರು ಪದಗಳು ತೆರೆಯ ಮೇಲೆ: ಕರ್ಮ, ಸಂಸಾರ, ಬಿಡುಗಡೆ]

ಹಾಗಾದರೆ ಬುದ್ಧನ ದಾರಿ ಉಪನಿಷತ್ತಿನ ದಾರಿಯಿಂದ ಬೇರೆಯಾಗೋದು ಎಲ್ಲಿ? ಈ ಮೂರು ಎರಡೂ ಕಡೆ ಸಮಾನ. ‘ಹಿಂದೂ’ ಅನ್ನೋದು ಆಗ ಮತದ ಹೆಸರಾಗಿರಲಿಲ್ಲ, ಹಾಗಾಗಿ ಇಲ್ಲಿ ವೇದ, ಉಪನಿಷತ್ತಿನ ದಾರಿ ಅಂತ ಇಟ್ಕೊಳ್ಳಿ. ಮಾಡಿದ್ದಕ್ಕೆ ಫಲ ಇದೆ, ಮರುಹುಟ್ಟು ಇದೆ, ಅದರಿಂದ ಹೊರಬರೋ ದಾರಿಯೂ ಇದೆ. ಇಲ್ಲಿಯವರೆಗೆ ಜಗಳ ಇಲ್ಲ. ಹುಟ್ಟಿ ಬರೋದು ಯಾರು ಅಂತ ಕೇಳಿದಾಗ ದಾರಿ ಒಡೆಯುತ್ತೆ.

[ದೃಶ್ಯ: ಎತ್ತಿನ ಬಂಡಿಯ ಮೂಕಿ, ನೊಗ, ಅಚ್ಚು, ಗಾಲಿ]

ಕಠೋಪನಿಷತ್ತಿನ ಚಿತ್ರ: ಶರೀರ ರಥ, ಇಂದ್ರಿಯಗಳು ಕುದುರೆ, ಮನಸ್ಸು ಲಗಾಮು, ಬುದ್ಧಿ ಸಾರಥಿ. ಒಳಗೆ ಕೂತ ಯಜಮಾನ ಆತ್ಮ. ರಥ ಮುರಿದರೂ ಅವನಿಗೆ ಏನೂ ಆಗೋದಿಲ್ಲ. ಆ ಆತ್ಮ ಎಂಥದ್ದು ಅನ್ನೋದಕ್ಕೆ ಛಾಂದೋಗ್ಯ ಉಪನಿಷತ್ತಿನಲ್ಲಿ ಋಷಿ ಉದ್ದಾಲಕ ತನ್ನ ಮಗ ಶ್ವೇತಕೇತುವಿನ ಕೈಲಿ ರಾತ್ರಿ ನೀರಿಗೆ ಉಪ್ಪು ಹಾಕಿಸ್ತಾನೆ. ಬೆಳಗ್ಗೆ ಹುಡುಕಿದರೆ ಉಪ್ಪು ಸಿಗಲ್ಲ. ಮೇಲಿನದು ಕುಡಿ, ನಡುವಿನದು ಕುಡಿ, ತಳದ್ದು ಕುಡಿ ಅಂತಾನೆ. ಎಲ್ಲೆಲ್ಲೂ ಉಪ್ಪು. ಕಾಣದೆ ಎಲ್ಲೆಡೆ ಇರೋ ಅದೇ ನೀನು: ತತ್ ತ್ವಮ್ ಅಸಿ.

ಈಗ ಅದೇ ರಥ ಬೌದ್ಧರ ಕೈಗೆ ಬರುತ್ತೆ. ಗ್ರೀಕ್ ಮೂಲದ ರಾಜ ಮಿಲಿಂದ ‘ರಥದಲ್ಲಿ ಬಂದೆ’ ಅಂದಾಗ ಭಿಕ್ಷು ನಾಗಸೇನ ಕೇಳ್ತಾನೆ: ಮೂಕಿ ರಥವೇ? ಅಲ್ಲ. ಅಚ್ಚು? ಅಲ್ಲ. ಗಾಲಿ, ನೊಗ? ಅಲ್ಲ. ಇವೆಲ್ಲ ಬಿಟ್ಟು ಬೇರೆ ರಥ ಇದೆಯೇ? ಅದೂ ಇಲ್ಲ. ಹಾಗಾದರೆ ‘ರಥ’ ಭಾಗಗಳು ಕೂಡಿದಾಗ ಇಟ್ಟ ಹೆಸರಷ್ಟೇ. ಮನುಷ್ಯನೂ ಹಾಗೇ: ರೂಪ (ದೇಹ), ವೇದನೆ (ಅನುಭವ), ಸಂಜ್ಞೆ (ಗುರುತಿಸೋದು), ಸಂಸ್ಕಾರ (ಮನಸ್ಸಿನ ಒಲವುಗಳು), ವಿಜ್ಞಾನ (ಅರಿವು) ಅನ್ನೋ ಐದು ಸ್ಕಂಧ, ಅಂದರೆ ಗುಂಪುಗಳು. ಯಜಮಾನನ ಸೀಟು ಖಾಲಿ.

ಇಲ್ಲೊಂದು ತಪ್ಪು ತಿಳಿವಳಿಕೆ ಹುಟ್ಟುತ್ತೆ: ಆತ್ಮ ಇಲ್ಲ ಅಂದರೆ ಕರ್ಮವೂ ಇಲ್ಲ ಅಂತ. ಹಾಗಲ್ಲ. ಬುದ್ಧ ಕರ್ಮವನ್ನ ಇನ್ನೂ ಬಿಗಿ ಮಾಡಿದ. ವೇದದಲ್ಲಿ ಕರ್ಮ ಅಂದರೆ ಮುಖ್ಯವಾಗಿ ಯಜ್ಞದ ವಿಧಿ, ಬುದ್ಧನಿಗೆ ಅದು ಚೇತನಾ, ಅಂದರೆ ಮಾಡುವವನ ಉದ್ದೇಶ. ಉದ್ದೇಶವಿಲ್ಲದೆ ಇರುವೆ ತುಳಿದದ್ದೂ ಬೇಕಂತಲೇ ತುಳಿದದ್ದೂ ಒಂದೇ ಅಲ್ಲ.

[ದೃಶ್ಯ: ಒಂದು ಹಣತೆಯಿಂದ ಇನ್ನೊಂದನ್ನ ಹಚ್ಚುವ ಕೈ]

ಸರಿ, ಯಜಮಾನನೇ ಇಲ್ಲದೆ ಮರುಹುಟ್ಟು ಹೇಗೆ? ನಾಗಸೇನನ ಉತ್ತರ ದೀಪ. ಒಂದರಿಂದ ಇನ್ನೊಂದು ಹಚ್ಚಿದಾಗ ಯಾವ ವಸ್ತುವೂ ದಾಟಿ ಹೋಗೋದಿಲ್ಲ, ಆದರೆ ಮೊದಲನೆಯದಿಲ್ಲದೆ ಎರಡನೆಯದು ಹೊತ್ತಲ್ಲ.

ನಿರ್ವಾಣ ಅಂದರೆ ಸ್ವರ್ಗ ಅಂತ ಬಹಳ ಮಂದಿ ಹೇಳ್ತಾರೆ. ಎರಡೂ ದಾರಿಯಲ್ಲಿ ಸ್ವರ್ಗ ತಂಗುದಾಣವಷ್ಟೇ. ಪುಣ್ಯ ತೀರಿದರೆ ಮರ್ತ್ಯಲೋಕಕ್ಕೆ ವಾಪಸ್ ಅಂತ ಗೀತೆಯೂ ಹೇಳುತ್ತೆ, ಬೌದ್ಧರ ದೇವತೆಗಳೂ ಸಾಯ್ತಾರೆ. ನಿರ್ವಾಣ ಅನ್ನೋ ಪದದ ಅರ್ಥವೇ ಆರುವುದು. ಆರಬೇಕಾದ್ದು ರಾಗ, ದ್ವೇಷ, ಮೋಹದ ಬೆಂಕಿ.

[ದೃಶ್ಯ: ಎಣ್ಣೆ ತೀರಿ ಆರುವ ಹಣತೆ. ಧ್ವನಿ ಇಲ್ಲ.]