ಜೀಪಿಗೆ ಆಯಿಲ್ ಪ್ರೆಶರ್ ಮೀಟರ್, ನನಗೆ 120 ರೂಪಾಯಿಯ ಟೀ

ನಮಸ್ಕಾರ, ಮತ್ತೆ ನಾನೇ. ಟಪ್ ಟಪ್ ಅಂತ ಸದ್ದು ಬರ್ತಾ ಇದೆಯಲ್ಲ, ಅದು ಮೈಕಿನ ತೊಂದರೆ ಅಲ್ಲ. ಮಳೆ ನಿಂತು ಅರ್ಧ ಗಂಟೆ ಆಯಿತು, ಹಲಸಿನ ಮರ ಮಾತ್ರ ಇನ್ನೂ ಶೆಡ್ಡಿನ ಶೀಟಿನ ಮೇಲೆ ಹನಿ ಉದುರಿಸ್ತಾ ಇದೆ. ಜೂನ್ ತಿಂಗಳಲ್ಲಿ ಮೂಡಿಗೆರೆ ಕಡೆ ಇದಕ್ಕಿಂತ ಒಳ್ಳೆ ಆಡಿಯೋ ಸಿಗಲ್ಲ, ಅಡ್ಜಸ್ಟ್ ಮಾಡಿಕೊಳ್ಳಿ.

ಗಾಡಿ ನಿಮಗೆ ಗೊತ್ತೇ ಇದೆ. ಮಹೀಂದ್ರಾ ಎಂಎಂ 540, 1994ರ ಮಾಡೆಲ್. ಒಳಗಿರೋದು ಪ್ಯೂಜೋದವರ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್. ಮೊನ್ನೆ ನೆಂಟರ ಹುಡುಗನೊಬ್ಬ, 4.90 ಅಂದ್ರೆ 4.9 ಲೀಟರಾ ಅಣ್ಣಾ ಅಂತ ಕಣ್ಣರಳಿಸಿಕೊಂಡು ಕೇಳಿದ. ಅಲ್ಲ ಮಾರಾಯ. ನಾಲ್ಕು ಸಿಲಿಂಡರು, ಒಂದೊಂದರ ಬೋರು, ಅಂದ್ರೆ ಒಳಗಿನ ಅಗಲ, 90 ಮಿಲಿಮೀಟರ್. ಒಟ್ಟು 2112 ಸಿಸಿ. ಪಾಪ, ಅವನ ಮುಖ ನೋಡಬೇಕಿತ್ತು.

ಬಾನೆಟ್ ತೆಗೆದಾಯಿತು. ಈಗ ಕಾಣ್ತಾ ಇದೆಯಲ್ಲ, ಒಂದೇ ವಯರು ಸಿಕ್ಕಿಸಿರೋ ಆ ಸಣ್ಣ ಸ್ವಿಚ್, ಆಯಿಲ್ ಲೈಟಿನದ್ದು ಅದೇ. ಡ್ಯಾಶ್‌ಬೋರ್ಡನ್ನು ಮುಂಚಿನ ಓನರ್ ತನಗೆ ಬೇಕಾದ ಹಾಗೆ ಕುಯ್ದು ಹಾಕಿದ್ದರಿಂದ ನನಗೆ ಉಳಿದದ್ದು ಒಂದು ಕೆಂಪು ದೀಪ ಮಾತ್ರ. ಇಂಥ ಸ್ವಿಚ್ಚುಗಳು ಸಾಮಾನ್ಯವಾಗಿ ಪ್ರೆಶರ್ ನಾಲ್ಕರಿಂದ ಏಳು ಪಿಎಸ್‌ಐಗೆ ಇಳಿದ ಮೇಲೇ ದೀಪ ಹತ್ತಿಸೋದು. ಲೋಡ್ ಎಳೆಯುವಾಗ ಅಷ್ಟಕ್ಕೆ ಇಳಿಯಿತು ಅಂದರೆ ಬೇರಿಂಗಿನ ಕಥೆ ಮುಗಿದ ಹಾಗೇ. ಅದು ಎಚ್ಚರಿಕೆ ದೀಪ ಅಲ್ಲ, ತಿಥಿ ಕಾರ್ಡು.

ನಮ್ಮ ತೋಟದ ಏರು ಬೇರೆ ಗೊತ್ತಲ್ಲ. ಮೂತಿ ಮೇಲೆತ್ತಿ ಹತ್ತುವಾಗ ಎಂಜಿನ್ ಅಡಿಯ ಚೇಂಬರಿನಲ್ಲಿರೋ ಆಯಿಲ್ ಎಲ್ಲ ಹಿಂದಕ್ಕೆ ಸರಿಯುತ್ತೆ. ಲೆವೆಲ್ ಸ್ವಲ್ಪ ಕಮ್ಮಿ ಇದ್ದರೆ ಪಂಪು ಆಯಿಲ್ ಬದಲು ಗಾಳಿ ಎಳೆದರೂ ಎಳೆಯಿತು. ಅದು ಮೀಟರಿನ ಮುಳ್ಳಿನಲ್ಲಿ ಗೊತ್ತಾಗುತ್ತೆ, ದೀಪದಲ್ಲಿ ಗೊತ್ತಾಗಲ್ಲ. ಅಪ್ಪ ಮಾತ್ರ, "ನಾವು ಮೀಟರಿಲ್ಲದೆ ಎಷ್ಟು ವರ್ಷ ಕಾಫಿ ಮೂಟೆ ಹೊರಿಸಿಲ್ಲ?" ಅಂತ ಕೇಳಿ ಪೇಪರ್ ಓದೋಕೆ ಹೋದರು. ಅಪ್ಪ ಆಗ ಎಷ್ಟು ಸಲ ಎಂಜಿನ್ ಬಿಚ್ಚಿಸಿದ್ದರು ಅಂತ ಅಮ್ಮನ ಹತ್ತಿರ ಬೇರೆ ಲೆಕ್ಕ ಇದೆ.

ಮೆಕ್ಯಾನಿಕಲ್ ಮೀಟರ್ ಹಾಕಬೇಕು ಅನ್ನೋದು ನನ್ನ ಮೊದಲ ಆಸೆ. ಸಣ್ಣ ಪೈಪಿನಲ್ಲಿ ಆಯಿಲ್ಲೇ ಮೀಟರಿಗೆ ಬರುತ್ತೆ, ಕರೆಂಟಿನ ಹಂಗಿಲ್ಲ, ಸುಳ್ಳು ಹೇಳಲ್ಲ. ಹೋದ ತಿಂಗಳು ಇದೇ ಕ್ಯಾಮೆರಾ ಮುಂದೆ ಕೂತು, ಎಲೆಕ್ಟ್ರಿಕ್ ಮೀಟರ್ ಹಾಕುವವರು ಶೋಕಿಗೆ ಹಾಕೋದು ಅಂದಿದ್ದೆ. ಆಮೇಲೆ ಯೋಚನೆ ಮಾಡಿದೆ. ಆ ಪೈಪು ಬರೋದು ಎಲ್ಲಿಗೆ? ನನ್ನ ಮೊಣಕಾಲಿನ ಮೇಲಕ್ಕೆ. ಅದರೊಳಗೆ ಕುದಿಯೋ ಹಾಗಿರೋ ಆಯಿಲ್. ಈ ಡೀಸೆಲ್ಲಿನ ನಡುಕಕ್ಕೆ ಪೈಪು ಎಲ್ಲೋ ಒಂದು ಕಡೆ ಸೀಳಿದರೆ? ನಾನೂ ಶೋಕಿಗೇ ಬಂದೆ. 1,850 ರೂಪಾಯಿ ಕೊಟ್ಟು ಎಲೆಕ್ಟ್ರಿಕ್ ತರಿಸಿದೆ, ಜೊತೆಗೆ ಸೆಂಡರ್ ಬಂತು, ಎಂಜಿನ್ ಕಡೆ ಪ್ರೆಶರ್ ಅಳೆದು ವಯರಿನಲ್ಲಿ ಮೀಟರಿಗೆ ತಿಳಿಸೋದು ಅದೇ.

ಈಗ ಟೀ ಕಥೆ. ಕುಡಿಯೋ ಟೀ ಅಲ್ಲ, ಹಿತ್ತಾಳೆ ಟೀ, ಇಂಗ್ಲಿಷಿನ T ಆಕಾರದ ಪೈಪ್ ಜಾಯಿಂಟು. ಕೆಂಪು ದೀಪವನ್ನೂ ಉಳಿಸಿಕೊಂಡು ಮೀಟರನ್ನೂ ಹಾಕಬೇಕು ಅಂದರೆ ಎಂಜಿನ್ನಿನ ಆ ಒಂದು ತೂತಿನಿಂದ ಎರಡು ದಾರಿ ಬೇಕು. ಹಳೇ ಸ್ವಿಚ್ ಬಿಚ್ಚಿಕೊಂಡು ಹಾಸನಕ್ಕೆ ಹೋದೆ. ಅಂಗಡಿಯವರು ಸ್ವಿಚ್ ನೋಡಿ, ಅದಕ್ಕೆ ಸರಿಯಾದ ಟೀ ಹುಡುಕಿ ಕೊಟ್ಟರು. 120 ರೂಪಾಯಿ. ಎಂಜಿನ್ ಕಡೆ ಥ್ರೆಡ್ ಪಕ್ಕಾ ಇತ್ತು. ಸೆಂಡರ್ ಕಡೆಗೆ? "ಒಂದೆಂಟಾಂಶ ಇಂಚು ಸಾರ್, ಎಲ್ಲಾ ಒಂದೇ" ಅಂದರು.

ಎಲ್ಲಾ ಒಂದೇ ಅಂತೆ!

ಮನೆಗೆ ಬಂದು ಸೆಂಡರ್ ತಿರುಗಿಸಿದೆ. ಎರಡೂವರೆ ಸುತ್ತು ಸಲೀಸಾಗಿ ಹೋಯಿತು, ಆಮೇಲೆ ಬಿಗಿಯಾಯಿತು. ತುದಿ ಕಡೆಗೆ ಸಣ್ಣಗಾಗೋ ಟೇಪರ್ ಥ್ರೆಡ್ ಅಲ್ವಾ, ಬಿಗಿ ಆಗಲೇಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಟೆಫ್ಲಾನ್ ಟೇಪು ಆರು ಸುತ್ತು ಸುತ್ತಿ, ಸ್ಪ್ಯಾನರ್ ಹಾಕಿ ಇನ್ನೊಂದು ಸುತ್ತು ಒತ್ತಿದೆ. ಕಿರ್ ಅಂತ ಸದ್ದು ಬಂತು. ಬುದ್ಧಿ ಇದ್ದವನು ಅಲ್ಲೇ ನಿಲ್ಲಿಸ್ತಿದ್ದ. ನಾನು ಸ್ಟಾರ್ಟ್ ಮಾಡಿ ಒಳಗೆ ಕಾಫಿ ಕುಡಿಯೋಕೆ ಹೋದೆ. ಬಂದು ನೋಡಿದರೆ ಬೆಳ್ಳಿ, ನಮ್ಮ ನಾಯಿ, ಜೀಪಿನ ಅಡಿ ಮಲಗಿದ್ದಾಳೆ. ಬಿಳೀ ಬೆನ್ನಿನ ಮೇಲೆ ಅಂಗೈ ಅಗಲ ಕಪ್ಪು. ಆಯಿಲ್ ಹನಿ ಹನಿಯಾಗಿ ನೇರ ಅವಳ ಮೇಲೇ ಬೀಳ್ತಾ ಇದೆ, ಅವಳಿಗೆ ಪರಿವೆಯೇ ಇಲ್ಲ. ಆಯಿಲ್ ಬೆಚ್ಚಗಿತ್ತಲ್ಲ, ಸುಖವಾಗಿತ್ತೋ ಏನೋ.

ಮೂರು ದಿನ ಜೀಪು ಶೆಡ್ಡಿನಲ್ಲೇ. ಗೊಬ್ಬರ ತರೋಕೆ ಪಕ್ಕದ ಮನೆಯವರ ಪಿಕಪ್ ಕೇಳಬೇಕಾಯಿತು. ಅವರು ಕೊಟ್ಟರು, ಜೊತೆಗೆ ಅರ್ಧ ಗಂಟೆ ಉಪದೇಶವನ್ನೂ ಕೊಟ್ಟರು. ಹೊಸ ಗಾಡಿ ತಗೊಳ್ಳಿ ಅಂತ.

ನಾಲ್ಕನೇ ದಿನ ಪೇಟೆಯ ಲೇತ್ ಅಂಗಡಿಗೆ ಹೋದೆ. ಅಲ್ಲಿರುವವರನ್ನು ಊರಲ್ಲಿ ಎಲ್ಲರೂ ಮಾವ ಅಂತಲೇ ಕರೆಯೋದು. ಮಾವ ಕನ್ನಡಕ ಹಣೆಗೇರಿಸಿ, ಡ್ರಾಯರಿನಿಂದ ಥ್ರೆಡ್ ಗೇಜ್ ತೆಗೆದರು. ಹಲ್ಲು ಹಲ್ಲಾಗಿರೋ ತಗಡಿನ ಎಲೆಗಳು, ಬಾಚಣಿಗೆ ಥರ. ಒಂದು ಎಲೆಯನ್ನು ಸೆಂಡರಿನ ಥ್ರೆಡ್ಡಿಗೆ ಕೂರಿಸಿ ಬಾಗಿಲ ಬೆಳಕಿಗೆ ಹಿಡಿದರು. ಮೊದಲ ನಾಲ್ಕು ಹಲ್ಲು ಸರಿಯಾಗಿ ಕೂತಿವೆ. ಐದನೆಯದರಿಂದ ಕೂದಲೆಳೆ ಬೆಳಕು ನುಸುಳ್ತಾ ಇದೆ. ಎಲೆ ಬದಲಾಯಿಸಿದರು, ಬೆಳಕು ಮಾಯ. ಈ ಶಾಟ್ ಎರಡು ಸಲ ಹಾಕಿದ್ದೇನೆ, ನೋಡಿ.

"ನಿನ್ನ ಸೆಂಡರಿಗೆ ಇಂಚಿಗೆ ಇಪ್ಪತ್ತೇಳು ಹಲ್ಲು, ಅದು ಎನ್‌ಪಿಟಿ, ಅಮೆರಿಕದ ಅಳತೆ. ಟೀಗೆ ಇಪ್ಪತ್ತೆಂಟು, ಬಿಎಸ್‌ಪಿ, ಬ್ರಿಟಿಷರ ಅಳತೆ. ಅತ್ತೆ ಸೊಸೆ ಇದ್ದ ಹಾಗೆ ಕಣೋ, ಮದುವೆ ಮನೇಲಿ ಎರಡು ದಿನ ಚೆನ್ನಾಗೇ ಇರ್ತಾರೆ" ಅಂದರು. ಹಲ್ಲಿನ ಕೋನವೂ ಬೇರೆಯಂತೆ, ಒಂದರದ್ದು 60 ಡಿಗ್ರಿ, ಇನ್ನೊಂದರದ್ದು 55. ಆಮೇಲೆ ಟೆಫ್ಲಾನ್ ಟೇಪು ನೋಡಿ ಸರಿಯಾಗಿ ಬೈದರು. ಅದರ ಚೂರು ಕಿತ್ತು ಆಯಿಲ್ ದಾರಿಗೆ ಹೋದರೆ ಯಾವ ಮೀಟರ್ ಹಾಕಿ ಏನು ಪ್ರಯೋಜನ? ಜೊತೆಗೆ ಅಷ್ಟು ತೂಕದ ಸೆಂಡರನ್ನು ಟೀ ಮೇಲೆ ನೇತುಹಾಕಿದರೆ ಎಂಜಿನ್ ನಡುಗಿ ನಡುಗಿ ಒಂದು ದಿನ ಟೀ ಕುತ್ತಿಗೆಯೇ ಮುರಿಯುತ್ತೆ ಅಂದರು. ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಸರಿ, ಮಾವ ಒಂದು ಪುಟ್ಟ ಹಿತ್ತಾಳೆ ತುಂಡು ಮಾಡಿಕೊಟ್ಟರು. ಒಂದು ಕಡೆ ಬಿಎಸ್‌ಪಿ, ಇನ್ನೊಂದು ಕಡೆ ಎನ್‌ಪಿಟಿ. 350 ರೂಪಾಯಿ. ಟೀಯಿಂದ ಬ್ರೇಕ್ ಹೋಸ್ ಥರದ ಒಂದೂವರೆ ಅಡಿ ರಬ್ಬರ್ ಹೋಸ್, ಅದರ ತುದಿಗೆ ಈ ತುಂಡು, ಅದಕ್ಕೆ ಸೆಂಡರ್. ಎಲ್ಲವನ್ನೂ ಮಡ್‌ಗಾರ್ಡಿನ ಒಳಗಿನ ತಗಡಿಗೆ ಕ್ಲಾಂಪ್ ಮಾಡಿದ್ದೇನೆ. ವಯರಿಂಗ್ ಫಾಸ್ಟ್ ಫಾರ್ವರ್ಡ್ ಮಾಡ್ತೀನಿ, ಅದರಲ್ಲಿ ನೋಡೋಕೆ ಏನೂ ಇಲ್ಲ.

ಅಂದೆನಾ? ನಿಲ್ಲಿ, ಇದೆ. ಕೀ ಹಾಕಿದ ತಕ್ಷಣ, ಎಂಜಿನ್ ಸ್ಟಾರ್ಟೇ ಆಗಿಲ್ಲ, ಮುಳ್ಳು ಹೋಗಿ ಕೊನೆಗೆ ಬಡಿಯಿತು. ಎರಡು ನಿಮಿಷ ಮೀಟರ್ ಕಳಿಸಿದವರಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೇನೆ, ಅದನ್ನು ಕಟ್ ಮಾಡಿದ್ದೇನೆ. ತಪ್ಪು ನನ್ನದೇ. ಈ ಸೆಂಡರ್ ಕರೆಂಟಿಗೆ ಒಡ್ಡೋ ತಡೆಯ ಲೆಕ್ಕ ಸೊನ್ನೆ ಪ್ರೆಶರಿಗೆ 10 ಓಮ್, ಫುಲ್ಲಿಗೆ 180 ಓಮ್. ಅರ್ಥ್ ಸಿಗದಿದ್ದರೆ ತಡೆ ಅದಕ್ಕಿಂತಲೂ ಜಾಸ್ತಿ, ಮೀಟರ್ ಅದನ್ನು ಫುಲ್ ಅಂತಲೇ ತಿಳಿಯುತ್ತೆ. ಸೆಂಡರಿಗೆ ಅದರ ಮೈಯೇ ಅರ್ಥ್. ರಬ್ಬರ್ ಹೋಸ್ ಕರೆಂಟ್ ಬಿಡಲ್ಲ, ಕ್ಲಾಂಪಿನ ಕೆಳಗೆ ದಪ್ಪನೆ ಪೇಂಟು. ಉಪ್ಪು ಕಾಗದದಲ್ಲಿ ಉಜ್ಜಿದೆ, ತಗಡು ಹೊಳೆಯಿತು, ಮುಳ್ಳು ತೆಪ್ಪಗೆ ಸೊನ್ನೆಗೆ ಬಂತು.

ಎಂಜಿನ್ ಸ್ಟಾರ್ಟ್ ಆಗದ ಹಾಗೆ ಸ್ಟಾಪ್ ನಾಬ್ ಎಳೆದು ಹಿಡಿದು ಬರೀ ಸೆಲ್ಫ್ ಹೊಡೆದೆ. ಮುಳ್ಳು ಮೆಲ್ಲಗೆ ಎದ್ದಿತು. ಆಮೇಲೆ ಡೀಸೆಲ್ ಎಂಜಿನ್ನಿನ ಒಳಗನ್ನು ಬಿಸಿ ಮಾಡೋ ಹೀಟರ್ ಹಾಕಿ ಸ್ಟಾರ್ಟ್ ಮಾಡಿದರೆ ಸೀದಾ 60 ಪಿಎಸ್‌ಐ. ಎಂಥ ಖುಷಿ ಅಂತೀರಿ! ಹನಿ ಇಲ್ಲ, ಬೆಳ್ಳಿ ಸೇಫು.

ಕೊಟ್ಟಿಗೆಹಾರದ ಕಡೆ ಹೊರಟೆ. ಟೆಸ್ಟಿಗೆ ಅಂತ ಹೇಳ್ತಾ ಇದ್ದೇನೆ, ನಿಜ ಹೇಳಬೇಕಂದ್ರೆ ನೀರು ದೋಸೆಗೆ. ದಾರಿ ಉದ್ದಕ್ಕೂ ಮುಳ್ಳು ಇಳೀತಾ ಇದೆ. 60 ಇದ್ದದ್ದು 50, ಆಮೇಲೆ 40. ಎದೆ ಧಸಕ್ ಅಂತು. ಮಾವನಿಗೆ ಫೋನ್ ಮಾಡಿದರೆ ನಕ್ಕರು. ಆಯಿಲ್ ಬಿಸಿಯಾದರೆ ತೆಳ್ಳಗಾಗುತ್ತೆ, ಪ್ರೆಶರ್ ಇಳಿಯಲೇಬೇಕು. ಬಿಸಿ ಎಂಜಿನ್ನಿಗೆ ಸಾವಿರ ಆರ್‌ಪಿಎಂಗೆ ಹತ್ತು ಪಿಎಸ್‌ಐ ಇದ್ದರೆ ಸಾಕು ಅಂತ ಹಳಬರ ಲೆಕ್ಕ. ನನ್ನದು ಐಡ್ಲಿಂಗಿನಲ್ಲಿ 18 ತೋರಿಸ್ತಾ ಇದೆ. ಮೂವತ್ತು ವರ್ಷ ದಾಟಿದ ಗಾಡಿಗೆ ಇನ್ನೇನು ಬೇಕು? ಆದರೂ ಹೇಳ್ತೀನಿ, ಆ ಕೆಂಪು ದೀಪವನ್ನು ತಿಥಿ ಕಾರ್ಡು ಅಂದೆನಲ್ಲ, ಅದೊಂದೇ ಇದ್ದಾಗ ನಾನು ನೆಮ್ಮದಿಯಾಗಿ ರಸ್ತೆ ನೋಡಿಕೊಂಡು ಓಡಿಸ್ತಿದ್ದೆ.

ದೋಸೆ ಚೆನ್ನಾಗಿತ್ತು. ಚಟ್ನಿ ಎರಡು ಸಲ ಹಾಕಿಸಿಕೊಂಡೆ. ಏಳುವಷ್ಟರಲ್ಲಿ ಮಂಜು ಬಂತು, ಕತ್ತಲೂ ಆಯಿತು. ಹೆಡ್‌ಲೈಟ್ ಹಾಕಿ ಅಭ್ಯಾಸಬಲದಿಂದ ಮೀಟರ್ ಕಡೆ ನೋಡಿದರೆ ಏನೂ ಕಾಣ್ತಿಲ್ಲ. ಮೀಟರ್ ಬಲ್ಬಿನ ವಯರನ್ನು ಕನೆಕ್ಟೇ ಮಾಡಿಲ್ಲ ನಾನು! ಈ ಕೊನೆಯ ಶಾಟ್ ಅಲುಗಾಡ್ತಾ ಇರೋದು ಅದಕ್ಕೇ. ಗಾಡಿ ಸೈಡಿಗೆ ಹಾಕಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಪ್ರೆಶರ್ ನೋಡ್ತಾ ಇದ್ದೇನೆ. ಹದಿನೆಂಟು. ಸರಿ, ಬರ್ತೀನಿ, ಹಿಂದೆ ಬಸ್ಸಿನವರು ಹಾರ್ನ್ ಹೊಡೀತಿದ್ದಾರೆ.