ಬೆಟ್ಟದ ಹತ್ತಿ, ಕಣಿವೆಯ ಬಟ್ಟೆ

ನಮಸ್ಕಾರ. ಇದು ಅರುಣಾಚಲ ಪ್ರದೇಶದ ಜೀರೋ ಕಣಿವೆ. ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ. ಗದ್ದೆ ನೀರಿನಲ್ಲಿ ಮೀನು, ಬದುವಿನ ಮೇಲೆ ರಾಗಿ. ಹೌದು, ನಮ್ಮ ರಾಗಿಯೇ! ಇಲ್ಲಿ ಬೇಸಾಯ ಮಾಡುವವರು ಅಪಾತಾನಿ ಜನ. ಸುತ್ತಲಿನ ಬೆಟ್ಟಗಳಲ್ಲಿ ಇರುವವರು ನಿಶಿ ಜನ.

ಈಗ ಈ ಬಟ್ಟೆ ನೋಡಿ. ಅಂಕುಡೊಂಕು ಗೆರೆಗಳು ಎಷ್ಟು ಚೊಕ್ಕವಾಗಿ ಕೂತಿವೆ ಅಲ್ವಾ? ನೇಯ್ದವರು ಅಪಾತಾನಿ ಹೆಂಗಸರು. ಆದರೆ ಈ ಕಣಿವೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಹತ್ತಿ ಇದ್ದದ್ದು ನಿಶಿಗಳ ಹತ್ತಿರ. ಅವರು ಕಾಡು ಕಡಿದು, ಸುಟ್ಟು, ಇಳಿಜಾರಿನಲ್ಲಿ ಬಿತ್ತುತ್ತಿದ್ದರು. ಅಂಥ ಹೊಲದಲ್ಲಿ ಎಲ್ಲ ವರ್ಷವೂ ಊಟಕ್ಕೆ ಸಾಕಾಗುವಷ್ಟು ಧಾನ್ಯ ಸಿಗುತ್ತಿರಲಿಲ್ಲ. ಅಪಾತಾನಿಗಳ ಕಣಜದಲ್ಲಿ ಅಕ್ಕಿ ಜಾಸ್ತಿಯೇ ಇರುತ್ತಿತ್ತು. ಹಾಗಾಗಿ ಅಕ್ಕಿ ಬೆಟ್ಟ ಹತ್ತಿತು, ಹತ್ತಿ ಕಣಿವೆಗೆ ಇಳಿಯಿತು. ಆ ಹತ್ತಿಯನ್ನು ನೂತು, ಬಣ್ಣ ಹಾಕಿ, ನೇಯ್ದ ಬಟ್ಟೆಯಲ್ಲಿ ಒಂದಷ್ಟು ಮತ್ತೆ ನಿಶಿ ಮನೆಗಳಿಗೇ ಹೋಗುತ್ತಿತ್ತು. ತಾವು ಬೆಳೆದ ಹತ್ತಿಯನ್ನೇ ಅವರು ಹೊದೆಯುತ್ತಿದ್ದರು. ಇದನ್ನು ಕೇಳಿದಾಗಿನಿಂದ ನನಗೆ ಈ ಬಟ್ಟೆಯ ಮೇಲೆ ವಿಪರೀತ ಪ್ರೀತಿ.

ಮಗ್ಗವನ್ನೂ ಹತ್ತಿರದಿಂದ ನೋಡಿ. ನಮ್ಮ ಇಳಕಲ್ಲಿನ ಗುಂಡಿಮಗ್ಗದ ಹಾಗೆ ಇದಕ್ಕೆ ಚೌಕಟ್ಟಿಲ್ಲ. ಹಾಸಿನ, ಅಂದರೆ ಉದ್ದ ನೂಲುಗಳ, ಒಂದು ತುದಿಯನ್ನು ಗೋಡೆಯ ಕಡೆ ಕಟ್ಟುತ್ತಾರೆ. ಇನ್ನೊಂದು ತುದಿಯ ಪಟ್ಟಿ ನೇಯುವವರ ಸೊಂಟಕ್ಕೆ. ಹಿಂದಕ್ಕೆ ವಾಲಿದರೆ ನೂಲು ಬಿಗಿ, ಮುಂದೆ ಬಾಗಿದರೆ ಸಡಿಲ. ಮೈಯೇ ಮಗ್ಗದ ಅರ್ಧ ಭಾಗ. ಆದ್ದರಿಂದಲೇ ಬಟ್ಟೆಯ ಅಗಲ ಕಮ್ಮಿ. ದೊಡ್ಡ ಹೊದಿಕೆ ಬೇಕಾದರೆ ಎರಡು ಪಟ್ಟಿ ಸೇರಿಸಿ ಹೊಲಿಯಬೇಕು.

ವ್ಯಾಪಾರ ಹತ್ತಿಗೇ ಮುಗಿಯುತ್ತಿರಲಿಲ್ಲ. ಪೂಜೆಯ ಬಲಿಗೆ, ಮದುವೆಗೆ ಮಿಥುನ್ ಬೇಕೇ ಬೇಕು. ನಮ್ಮ ಕಾಟಿಯ ಹತ್ತಿರದ ನೆಂಟ ಅದು. ಕಣಿವೆಯಲ್ಲಿ ಮೇಯಲು ಜಾಗ ಕಡಿಮೆ, ಹಾಗಾಗಿ ಅದು ಹೆಚ್ಚಾಗಿ ನಿಶಿಗಳಿಂದ ಬರುತ್ತಿತ್ತು, ಹಂದಿಗಳೂ ಬರುತ್ತಿದ್ದವು. ಅಪಾತಾನಿ ಕಮ್ಮಾರರ ಕತ್ತಿಗಳು ಬೆಟ್ಟಕ್ಕೆ ಹೋಗುತ್ತಿದ್ದವು.

ಇವರ ನಡುವೆ ಬರೀ ಸ್ನೇಹವೇ ಇತ್ತು ಅಂದುಕೊಳ್ಳಬೇಡಿ. ದನ ಕದಿಯುವುದು, ಮನುಷ್ಯರನ್ನು ಹಿಡಿದಿಟ್ಟು ಬಿಡುಗಡೆಗೆ ಬೆಲೆ ಕೇಳುವುದು, ಎಲ್ಲ ನಡೆಯುತ್ತಿತ್ತು. 1944ರಲ್ಲಿ ಇಲ್ಲಿಗೆ ಬಂದ ಮಾನವಶಾಸ್ತ್ರಜ್ಞ ಫ್ಯೂರರ್-ಹೈಮೆಂಡಾರ್ಫ್ ಈ ಜಗಳಗಳನ್ನೂ ವ್ಯಾಪಾರವನ್ನೂ ವಿವರವಾಗಿ ಬರೆದಿಟ್ಟಿದ್ದಾರೆ. ಜಗಳದ ನಡುವೆಯೂ ಅಕ್ಕಿ, ಹತ್ತಿ ಓಡಾಡುತ್ತಿದ್ದವು. ಯಾಕೆಂದರೆ ವ್ಯಾಪಾರ ಮಾಡುವವರಿಗೆ ಆಚೆ ಊರಲ್ಲಿ ನಂಬಿಕೆಯ ಒಂದು ಮನೆ ಇರುತ್ತಿತ್ತು. ಅಲ್ಲಿ ಉಳಿದು, ಉಂಡು, ಕೊಟ್ಟು ತಗೊಂಡು ಬರುತ್ತಿದ್ದರು.

ಈಗ ಮಗ್ಗಕ್ಕೆ ಬರುವುದು ಹೆಚ್ಚಾಗಿ ಗಿರಣಿ ನೂಲು, ಪೇಟೆಯಿಂದ. ಬೆಟ್ಟದ ಹತ್ತಿಯ ದಾರಿ ಮುಚ್ಚಿದೆ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ. ನೇಯ್ಗೆ ಮಾತ್ರ ನಿಂತಿಲ್ಲ.

ನೀವೂ ಬರುವುದಾದರೆ ಹೊರರಾಜ್ಯದವರಿಗೆ ಬೇಕಾಗುವ ಪ್ರವೇಶ ಅನುಮತಿ, ಇನ್ನರ್ ಲೈನ್ ಪರ್ಮಿಟ್, ಮೊದಲೇ ಮಾಡಿಸಿಕೊಳ್ಳಿ. ವಿಡಿಯೋ ತೆಗೆಯುವ ಮುಂಚೆ ಕೇಳಿ. ಬಟ್ಟೆ ಕೊಳ್ಳುವುದಾದರೆ ನೇಯ್ದವರ ಕೈಯಿಂದಲೇ ಕೊಳ್ಳಿ, ದಯವಿಟ್ಟು ಚೌಕಾಸಿ ಮಾಡಬೇಡಿ.